ಫೈರ್ ಎಂಜಿನ್‌ಗಿಂತ ಮುಂಚೆ ನಕ್ಷೆ ತಲುಪಲಿ

ಕಟ್ಟಡವೊಂದಕ್ಕೆ ಬೆಂಕಿ ಬಿದ್ದಿದೆ ಅಂತ 112ಕ್ಕೆ ಕರೆ ಹೋಯ್ತು ಅಂದ್ಕೊಳ್ಳಿ. ಫೋನ್ ಮಾಡಿದವರು ಗಾಬರಿಯಲ್ಲಿ ವಿಳಾಸ ಹೇಳ್ತಾರೆ, ಹೆಚ್ಚೆಂದರೆ ಎಷ್ಟನೇ ಮಹಡಿ ಅಂತ ಹೇಳ್ತಾರೆ. ಎರಡನೇ ಮೆಟ್ಟಿಲು ಎಲ್ಲಿದೆ, ಮೇನ್ ಸ್ವಿಚ್ ಎಲ್ಲಿದೆ, ನೀರಿನ ಟ್ಯಾಂಕ್ ಯಾವ ಕಡೆ ಇದೆ? ಇದನ್ನೆಲ್ಲ ಅಗ್ನಿಶಾಮಕ ಸಿಬ್ಬಂದಿ ಹೊಗೆಯಲ್ಲಿ ಹುಡುಕುವ ಬದಲು, ಗಾಡಿಯಲ್ಲಿ ಬರುವಾಗಲೇ ತಿಳಿದುಕೊಂಡರೆ ಹೇಗೆ?

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತದಲ್ಲಿ 9 ಜನ ತೀರಿಕೊಂಡರು. ನಾವಾಗ ಎಲ್‌ಕೆಜಿ ವಯಸ್ಸಿನವರು. ವಿದ್ಯುತ್ ಕೇಬಲ್‌ಗಳ ಡಕ್ಟ್ ಮೂಲಕ ಹೊಗೆ ಮೇಲಿನ ಮಹಡಿಗಳಿಗೆ ಹಬ್ಬಿತು. ಉಸಿರಾಡಲಾಗದೆ ಕೆಲವರು ಕಿಟಕಿಯಿಂದ ಹಾರಿದರು. ಅಂಥ ಡಕ್ಟ್ ಎಲ್ಲಿದೆ ಅಂತ ಹೊರಗಿನಿಂದ ನೋಡಿದರೆ ಗೊತ್ತಾಗೋದಿಲ್ಲ.

2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿಗೆ 72 ಜನ ಬಲಿಯಾದರು. ಅದರ ವಿಚಾರಣೆಯ ನಂತರ ಇಂಗ್ಲೆಂಡಿನಲ್ಲಿ ಹೊಸ ನಿಯಮ ಬಂತು. 2023ರ ಜನವರಿಯಿಂದ, 18 ಮೀಟರ್ ಅಥವಾ 7 ಮಹಡಿಗಿಂತ ಕಡಿಮೆಯಿಲ್ಲದ ವಸತಿ ಕಟ್ಟಡಗಳು ಪ್ರತಿ ಮಹಡಿಯ ನಕ್ಷೆಯನ್ನು ಅಗ್ನಿಶಾಮಕ ಸೇವೆಗೆ ಡಿಜಿಟಲ್ ರೂಪದಲ್ಲಿ ಮೊದಲೇ ಕಳಿಸಬೇಕು. ಕಾಗದದ ಪ್ರತಿ ಕಟ್ಟಡದಲ್ಲೇ ಒಂದು ಭದ್ರ ಪೆಟ್ಟಿಗೆಯಲ್ಲಿರಬೇಕು. ಅಗ್ನಿಶಾಮಕರು ಬಳಸುವ ಲಿಫ್ಟ್ ಕೆಟ್ಟು 24 ಗಂಟೆಯಲ್ಲಿ ರಿಪೇರಿ ಆಗದಿದ್ದರೆ ಅದನ್ನೂ ತಿಳಿಸಬೇಕು.

ಇಂಥದ್ದನ್ನು ನಾವು ಡಿಸೈನ್ ಮಾಡಿದರೆ? ನಮಗೆ ಮೊದಲು ಹೊಳೆಯೋದು ತಿರುಗುವ ತ್ರೀಡಿ ಮಾಡೆಲ್! ಆದರೆ ಓಡುವ ಗಾಡಿಯಲ್ಲಿ, ಕೈಗೆ ಗ್ಲೌಸ್ ಹಾಕಿದವರಿಗೆ ಅದು ಉಪಯೋಗವಿಲ್ಲ. ಒಂದೇ ಪುಟ ಸಾಕು. ಗಾಡಿ ಒಳಗೆ ಬರುವ ಗೇಟ್, ಮೆಟ್ಟಿಲುಗಳು, ಡಕ್ಟ್‌ಗಳು, ಹೈಡ್ರೆಂಟ್, ಮೇನ್ ಸ್ವಿಚ್, ಸಿಲಿಂಡರ್ ಅಥವಾ ಕೆಮಿಕಲ್ ಇಡುವ ಜಾಗ, ಬೀಗದ ಕೈ ಇರುವವರ ಫೋನ್ ನಂಬರ್. ಸರಳ ಗೆರೆಗಳ ನಕ್ಷೆಯಾದರೆ ಫೈಲ್ ಕೆಲವು ಕಿಲೋಬೈಟ್ ಅಷ್ಟೇ. ಟ್ಯಾಬ್‌ನಲ್ಲಿ ಮೊದಲೇ ಇಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುತ್ತೆ.

ಅಡ್ರೆಸೆಬಲ್ ಫೈರ್ ಅಲಾರ್ಮ್ ಇರುವ ಕಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಅದರಲ್ಲಿ ಪ್ರತಿ ಡಿಟೆಕ್ಟರ್‌ಗೂ ಅದರದ್ದೇ ಗುರುತು ಇರುತ್ತೆ. ಯಾವುದು ಮೊದಲು ಕೂಗಿತು, ಆಮೇಲೆ ಯಾವುದು ಅನ್ನೋದನ್ನ ನಕ್ಷೆ ಮೇಲೆ ತೋರಿಸಿದರೆ ಹೊಗೆ ಎತ್ತ ಸಾಗ್ತಿದೆ ಅಂತ ಅಂದಾಜು ಸಿಗುತ್ತೆ.

ಕೋಡ್ ಬರೆಯೋದು ಇದರಲ್ಲಿ ಸುಲಭದ ಭಾಗ. ಕಷ್ಟ ಇರೋದು ಮಾಹಿತಿ ನಿಜವಾಗಿರುವಂತೆ ನೋಡಿಕೊಳ್ಳೋದರಲ್ಲಿ. ನಮ್ಮಲ್ಲಿ ಕೆಲವರು ಇರುವ ಹಾಸ್ಟೆಲ್‌ನ ಗೋಡೆ ಮೇಲಿನ ನಕ್ಷೆಯಲ್ಲಿ ಹಿಂದಿನ ಮೆಟ್ಟಿಲಿಗೆ ಹಸಿರು ಬಾಣ ಇದೆ. ಆ ಬಾಗಿಲಿಗೆ ರಾತ್ರಿ ಬೀಗ ಬೀಳುತ್ತೆ. ಆ ನಕ್ಷೆಯನ್ನೇ ಸ್ಕ್ಯಾನ್ ಮಾಡಿ ಆ್ಯಪ್‌ಗೆ ಹಾಕಿದರೆ ಸಿಬ್ಬಂದಿಯನ್ನು ನಾವೇ ದಾರಿ ತಪ್ಪಿಸಿದ ಹಾಗೆ. ಅದಕ್ಕೇ ಪ್ರತಿ ನಕ್ಷೆ ಮೇಲೂ ಕೊನೆಯದಾಗಿ ನಡೆದು ನೋಡಿದ ದಿನಾಂಕ, ನೋಡಿದವರ ಹೆಸರು ಇರಲೇಬೇಕು ಅನ್ನೋದು ನಮ್ಮ ವಾದ.

ಇವತ್ತು ಊಟ ಆದಮೇಲೆ ನಿಮ್ಮ ಬ್ಲಾಕ್‌ನ ಎರಡನೇ ಮೆಟ್ಟಿಲವರೆಗೆ ಒಮ್ಮೆ ನಡೆದು ನೋಡಿ. ಬಾಗಿಲು ತೆರೆಯುತ್ತಾ?