ಮುಖದ ಕೆಂಪು ಮತ್ತು ಲೇಸರ್ ಚಿಕಿತ್ಸೆ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಬಿಸಿಲಿಗೆ ದುಡಿಯುವವರ ಕೆನ್ನೆ, ಮೂಗು ಕೆಂಪೇರುವುದು ಸಹಜ. ನೆರಳಿಗೆ ಬಂದ ಮೇಲೂ ಆ ಕೆಂಪು ಇಳಿಯದೆ, ಮೂಗಿನ ಅಂಚಿನಲ್ಲಿ ನೂಲಿನೆಳೆಯಂತಹ ರಕ್ತನಾಳಗಳು ಕಾಣತೊಡಗಿದರೆ ಅದನ್ನು ಬಿಸಿಲೆಂದು ಕಡೆಗಣಿಸಲಾಗದು. ಇಂದು ಇದಕ್ಕೆ ಲೇಸರ್ ಚಿಕಿತ್ಸೆಯುಂಟು. ಆದರೆ ಯಾವ ಲೇಸರ್ ಎಂದು ಕೇಳುವುದಕ್ಕೆ ಮೊದಲು, ಕೆಂಪಿಗೆ ಕಾರಣವೇನೆಂದು ತಿಳಿಯಬೇಕು.

ರೊಸೇಸಿಯಾ ಎಂಬ ಚರ್ಮರೋಗ ಒಂದು ಕಾರಣ. ಬಿಸಿಲು, ಬಿಸಿ ಚಹಾ, ಖಾರದ ಊಟ ಅದನ್ನು ಕೆರಳಿಸುತ್ತವೆ. ನಮ್ಮಲ್ಲಿ ಇನ್ನೊಂದು ಕಾರಣ, ಮುಖ ಬೆಳ್ಳಗಾಗಲೆಂದು ಔಷಧ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ಹಚ್ಚಿದ ಸ್ಟಿರಾಯ್ಡ್ ಮುಲಾಮು. ಅದು ಚರ್ಮವನ್ನು ತೆಳುವಾಗಿಸಿ ನಾಳಗಳನ್ನು ಹಿಗ್ಗಿಸುತ್ತದೆ. ಬಿಟ್ಟೊಡನೆ ಉರಿ, ಕೆಂಪು ಹೆಚ್ಚುವುದರಿಂದ ಜನರು ಮತ್ತೆ ಅದನ್ನೇ ಹಚ್ಚುತ್ತಾರೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಮಾಡಿದರೂ ಬಳಕೆ ನಿಂತಿಲ್ಲ. ಮುಲಾಮು ಬಿಡದೆ ಲೇಸರ್ ಮಾಡಿಸುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ಕೆಂಪಿನೊಡನೆ ಕೀಲುನೋವು, ಜ್ವರ ಇದ್ದರೆ ಲೂಪಸ್ ಎಂಬ ಗಂಭೀರ ರೋಗವಿರಬಹುದು. ಆಗ ರಕ್ತಪರೀಕ್ಷೆ ಅಗತ್ಯ.

ಇನ್ನು ಲೇಸರ್. ರಕ್ತದ ಹಿಮೋಗ್ಲೋಬಿನ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ನಾಳ ಮುಚ್ಚಿಕೊಳ್ಳುತ್ತದೆ. ಈ ತತ್ತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಷ್ ಎಂಬ ಅಮೆರಿಕದ ವೈದ್ಯರು 1983ರಲ್ಲಿ ಪ್ರತಿಪಾದಿಸಿದರು. ತೊಡಕೆಂದರೆ, ಮೈಬಣ್ಣ ಕೊಡುವ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. ಪಾಶ್ಚಾತ್ಯರ ಬಿಳಿ ಚರ್ಮಕ್ಕೆ ಹೊಂದುವ ಯಂತ್ರ ನಮಗೆ ಹಾಗೆಯೇ ಹೊಂದದಿರುವುದು ಇದರಿಂದಲೇ. 532 ನ್ಯಾನೊಮೀಟರಿನ ಕೆಟಿಪಿ ಲೇಸರ್ ಸಣ್ಣ ನಾಳಗಳಿಗೆ ಚೆನ್ನಾಗಿ ಕೆಲಸ ಮಾಡಿದರೂ ಕಂದು ಚರ್ಮದಲ್ಲಿ ಕಲೆ ಉಳಿಸುವ ಭಯ ಹೆಚ್ಚು. 595ರ ಪಲ್ಸ್ಡ್ ಡೈ ಲೇಸರ್ ಹರಡಿದ ಕೆಂಪಿಗೆ ಉತ್ತಮ. ಕೆಲ ದಿನ ನೇರಳೆ ಗುರುತು ಉಳಿಯಬಹುದು. 1064ರ ಎನ್‌ಡಿ-ಯಾಗ್ ಆಳಕ್ಕಿಳಿಯುತ್ತದೆ, ಮೆಲನಿನ್ನನ್ನು ಕಡಿಮೆ ತಾಗುತ್ತದೆ. ಆದುದರಿಂದ ಎದ್ದು ಕಾಣುವ ನಾಳಗಳಿಗೆ ನಮ್ಮ ಮೈಬಣ್ಣದವರು ಮೊದಲು ವಿಚಾರಿಸಬೇಕಾದುದು ಇದನ್ನೇ. ಆದರೂ ಇದಕ್ಕೆ ಹೆಚ್ಚು ಶಕ್ತಿ ಬೇಕು, ಕೈತಪ್ಪಿದರೆ ಗಾಯದ ಕಲೆ ಉಳಿದೀತು. ಐಪಿಎಲ್ ಎಂಬುದು ವಾಸ್ತವವಾಗಿ ಲೇಸರ್ ಅಲ್ಲ, ಹಲವು ತರಂಗಗಳ ಬೆಳಕು. ಬ್ಯೂಟಿ ಪಾರ್ಲರುಗಳಲ್ಲಿ ಇದನ್ನು ಮಾಡಿಸಿಕೊಳ್ಳಲೇಬಾರದು.

ಸಾಮಾನ್ಯವಾಗಿ ಕೆಲವು ವಾರಗಳ ಅಂತರದಲ್ಲಿ ಹಲವು ಸಲ ಚಿಕಿತ್ಸೆ ಬೇಕಾಗುತ್ತದೆ. ರೊಸೇಸಿಯಾ ಇದ್ದವರಲ್ಲಿ ಕೆಂಪು ಮರಳಬಹುದು. ಬಿಸಿಲಿಗೆ ಕಪ್ಪಾದ ಮುಖಕ್ಕೆ ಲೇಸರ್ ಅಪಾಯಕಾರಿ. ಆದಕಾರಣ ರೈತರು ತೋಟದ ಕೆಲಸ ಕಡಿಮೆಯಿರುವ ಕಾಲವನ್ನು ಆರಿಸಿಕೊಂಡು, ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ತಜ್ಞರಿಗೆ ತೋರಿಸುವುದು ಲೇಸು. ಹೋಗುವಾಗ ಇದುವರೆಗೆ ಹಚ್ಚಿದ ಮುಲಾಮುಗಳ ಟ್ಯೂಬುಗಳನ್ನು ತಪ್ಪದೆ ಕೊಂಡೊಯ್ಯಬೇಕು.