ಜಿಲ್ಲೆಯ ಗೆರೆ, ಊರಿನ ಕೆರೆ

ಕೋಲಾರ ಪಟ್ಟಣದ ಪಕ್ಕದ ಶತಶೃಂಗ ಪರ್ವತವನ್ನು ನಾವೆಲ್ಲರೂ ಕಂಡವರೇ. ಅದರ ಮಡಿಲಿನ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಹರಿಯುತ್ತದೆ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಲ್ಲಿ ಜನರು ಆ ಸಣ್ಣ ಧಾರೆಗೆ ಗಂಗೆಯ ಹೆಸರನ್ನಿಟ್ಟಿರುವುದು ಸಹಜವೇ ಆಗಿದೆ.

ಈ ನಾಡನ್ನು ಆಳಿದವರ ಪಟ್ಟಿ ದೀರ್ಘವಾದುದು. ಸುಮಾರು ಕ್ರಿ.ಶ. 350ರಲ್ಲಿ ಗಂಗರು ಕುವಲಾಲಪುರವೆಂಬ ಈ ಊರಿನಿಂದಲೇ ತಮ್ಮ ಆಳ್ವಿಕೆಯನ್ನು ಆರಂಭಿಸಿದರು. ಮುಂದೆ ರಾಜಧಾನಿ ತಲಕಾಡಿಗೆ ಹೋದರೂ 'ಕುವಲಾಲ ಪುರವರೇಶ್ವರ'ರೆಂಬ ಬಿರುದನ್ನು ಅವರು ಬಿಡಲಿಲ್ಲ. 11ನೇ ಶತಮಾನದಲ್ಲಿ ಬಂದ ಚೋಳರು ಇದನ್ನು ನಿಕರಿಲಿಚೋಳ ಮಂಡಲವೆಂಬ ಪ್ರಾಂತವನ್ನಾಗಿ ಮಾಡಿದರು. ಕೋಲಾರಮ್ಮನ ಗುಡಿಯಲ್ಲಿ ಅವರ ಶಾಸನಗಳಿವೆ. ವಿಜಯನಗರದವರಿಗೆ ಮುಳಬಾಗಿಲೇ ಪ್ರಾಂತದ ಕೇಂದ್ರವಾಗಿತ್ತು. ಬಿಜಾಪುರದ ಅಧೀನದಲ್ಲಿ ಷಹಾಜಿಯ ಜಹಗೀರು, ಬಳಿಕ ಮೊಗಲರ ಸಿರಾ ಸುಬಾ. ಮೊಗಲರ ಕಾಲದಲ್ಲಿ ಇಲ್ಲಿ ಫೌಜುದಾರನಾಗಿದ್ದ ಫತೇ ಮಹಮ್ಮದನ ಮಗನೇ ಹೈದರಾಲಿ, ಹುಟ್ಟಿದ್ದು ಬೂದಿಕೋಟೆಯಲ್ಲಿ. ಬ್ರಿಟಿಷ್ ಕಮಿಷನರ್ ಬೌರಿಂಗನ ಹೆಸರನ್ನು ಹೊತ್ತ ಬೌರಿಂಗ್‌ಪೇಟೆ ಈಗ ಬಂಗಾರಪೇಟೆಯಾಗಿದೆ.

ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಗ್ರೀಕರ ಒಂದು ಒಗಟನ್ನು ಹೇಳಿಕೊಡುತ್ತಿದ್ದರು. ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ಹಡಗೇ? ಕೋಲಾರವನ್ನು ಕುರಿತು ಯೋಚಿಸುವಾಗ ನನಗೆ ಆ ಒಗಟು ನೆನಪಾಗುತ್ತದೆ. 2007ರಲ್ಲಿ ಹನ್ನೊಂದು ತಾಲ್ಲೂಕುಗಳ ಪೈಕಿ ಆರು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ನಂದಿಬೆಟ್ಟವೂ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯೂ ಗೆರೆಯಾಚೆ ಉಳಿದವು. ಡಿ.ವಿ.ಜಿ.ಯವರ ಮುಳಬಾಗಿಲು, ಮಾಸ್ತಿಯವರ ಮಾಲೂರು, ಶ್ರೀನಿವಾಸಪುರದ ಮಾವಿನ ತೋಪುಗಳು ನಮ್ಮಲ್ಲಿಯೇ ಇವೆ. ಅನಂತರ ಕೆ.ಜಿ.ಎಫ್. ಪ್ರತ್ಯೇಕ ತಾಲ್ಲೂಕಾಯಿತು. ನಮ್ಮ ವೇಮಗಲ್ ಕೂಡ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ವಿಧಾನಸಭಾ ಕ್ಷೇತ್ರದ ಸ್ಥಾನವನ್ನು ಕಳೆದುಕೊಂಡು ಹೋಬಳಿಯಾಗಿ ಉಳಿಯಿತು. ಈಗ ಕುರುಗಲ್ಲಿನೊಡನೆ ಸೇರಿ ಪಟ್ಟಣ ಪಂಚಾಯಿತಿಯಾಗಿದೆ.

ಆದರೆ ಗಡಿಗೆರೆಗಳಿಗಿಂತ ಹೆಚ್ಚಾಗಿ ಇಲ್ಲಿಯ ಜನಜೀವನವನ್ನು ರೂಪಿಸಿದ್ದು ಕೆರೆ. ನದಿಯಿಲ್ಲದ ಸೀಮೆಯಲ್ಲಿ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಕೆರೆಗಳನ್ನು ಕಟ್ಟಿದ ಪೂರ್ವಿಕರ ಜಾಣ್ಮೆ ದೊಡ್ಡದು. ತೂಬು ತೆರೆದು ಮುಚ್ಚಿ ಗದ್ದೆಗದ್ದೆಗೆ ನೀರನ್ನು ಹಂಚುತ್ತಿದ್ದವನು ನೀರುಗಂಟಿ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು.

ಆಡಳಿತದ ಒಂದು ಕಾಗದ ಎಷ್ಟು ದೂರ ತಟ್ಟಬಲ್ಲದೆಂಬುದಕ್ಕೆ 1892ರ ಮದರಾಸು–ಮೈಸೂರು ಒಪ್ಪಂದವನ್ನು ನೋಡಬೇಕು. ಮದರಾಸಿನ ಸಮ್ಮತಿಯಿಲ್ಲದೆ ಪಾಲಾರ್ ಮೊದಲಾದ ನದಿಗಳಿಗೆ ಮೈಸೂರು ಹೊಸ ನೀರಾವರಿ ಜಲಾಶಯಗಳನ್ನು ಕಟ್ಟುವಂತಿರಲಿಲ್ಲ. ಪಾಲಾರ್ ಹುಟ್ಟಿದ್ದು ನಮ್ಮ ಸೀಮೆಯಲ್ಲೇ! ಮುಂದೆ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಬಂದಿತು. ನಮ್ಮಲ್ಲಿ ಕೆಲವರ ಅಜ್ಜಂದಿರು ಆ ಗಣಿಗಳಿಗಿಳಿದು ದುಡಿದವರು. ಬೇತಮಂಗಲದ ಕೆರೆ ಗಣಿ ಪಟ್ಟಣದ ದಾಹವನ್ನು ತಣಿಸಿತು. ರೈತನ ಹೊಲ ಮಾತ್ರ ಮಳೆಯನ್ನೇ ನಂಬಿತ್ತು. 2001ರಲ್ಲಿ ಗಣಿ ಮುಚ್ಚಿತು. ಅಷ್ಟರಲ್ಲಿ ಕೊಳವೆಬಾವಿಗಳ ಕಾಲ ಬಂದು, ಕೆರೆಗಳಲ್ಲಿ ಹೂಳು ತುಂಬಿ, ನೀರುಗಂಟಿಗೆ ಕೆಲಸವಿಲ್ಲದಂತಾಗಿತ್ತು. ಸಾವಿರ ಅಡಿ ಕೊರೆದರೂ ಕೆಲವೆಡೆ ಸಿಕ್ಕಿದ್ದು ಫ್ಲೋರೈಡ್ ಬೆರೆತ ನೀರು.

2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಅದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿದ ನೀರು. ಕುಡಿಯಲೆಂದಲ್ಲ, ಅಂತರ್ಜಲ ಏರಲೆಂದು. ಮರುತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಬತ್ತಿದ್ದ ಕೆರೆ ತುಂಬಿದ್ದನ್ನು ಕಂಡು ಸಂತೋಷಪಟ್ಟ ರೈತನನ್ನು ನಾನು ಆಕ್ಷೇಪಿಸಲಾರೆ. ಆದರೆ ಮೂರನೆಯ ಹಂತದ ಶುದ್ಧೀಕರಣವನ್ನು ಕೇಳಿದವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ವೇಮಗಲ್ ಮತ್ತು ನರಸಾಪುರದ ಸುತ್ತ ಈಗ ಕೈಗಾರಿಕೆಗಳು ತುಂಬಿವೆ. ಹೊಲ ನಿವೇಶನವಾಗುತ್ತಿದೆ. ಇಂತಹ ವೇಳೆಯಲ್ಲಿ ಕೆರೆಗೆ ನೀರು ತರುವ ರಾಜಕಾಲುವೆಯ ಅಳತೆಯನ್ನು ಕಾಯುವ ಹೊಣೆ ಪಟ್ಟಣ ಪಂಚಾಯಿತಿಗೂ ಕಂದಾಯ ಇಲಾಖೆಗೂ ಸೇರಿದ್ದು. ವಾರ್ಡಿನ ಸಭೆಗಳಲ್ಲಿ ಕೇಳಬೇಕಾದವರು ನಾವು. ನೀರುಗಂಟಿ ಎಂಬ ಹೆಸರಂತೂ ಹಳ್ಳಿಯ ಪಂಚಾಯಿತಿಗಳಲ್ಲಿ ಇಂದಿಗೂ ಉಳಿದಿದೆ. ಅವನು ತಿರುಗಿಸುವುದು ಕೊಳವೆಬಾವಿಯ ವಾಲ್ವನ್ನು.