ಹಳೇ ಕಾರಿನ ಒಳಗಿನ ಪ್ಲಾಸ್ಟಿಕ್ ಮುರೀತಿದೆಯಾ? ಗಮ್ ಹಚ್ಚೋ ಮೊದಲು ಇದನ್ನ ಕೇಳಿ

(ಸಂಚಿಕೆಯ ಅಕ್ಷರ ರೂಪ)

ಇವತ್ತಿನ ವಿಷಯ ನೋಡೋಕೆ ಸಣ್ಣದು: ಹಳೇ ಕಾರಿನ ಒಳಗೆ ಮುಟ್ಟಿದ್ರೆ ಮುರಿಯೋ ಪ್ಲಾಸ್ಟಿಕ್ ಭಾಗಗಳನ್ನ ಗಟ್ಟಿ ಮಾಡೋದು ಹೇಗೆ? ಇದು ಅಷ್ಟು ಸಣ್ಣ ವಿಷಯ ಅಲ್ಲ ಅಂತ ನನಗೆ ಗೊತ್ತಾಗಿದ್ದು ಕಳೆದ ಮಳೆಗಾಲದಲ್ಲಿ, ನಾಗೋಡಿ ಘಾಟಿಯಲ್ಲಿ.

ನಮ್ಮೂರು ನಿಟ್ಟೂರು. ಹೊಸನಗರ ತಾಲ್ಲೂಕು, ಕೊಡಚಾದ್ರಿಯ ಮಗ್ಗುಲು. ಕೊಲ್ಲೂರಿನ ಕಡೆ ಹೋಗಬೇಕಂದ್ರೆ ನಾಗೋಡಿ ಘಾಟಿ ಇಳೀಬೇಕು, ವಾಪಸ್ ಬರೋವಾಗ ಹತ್ತಬೇಕು. ಮನೇಲಿರೋದು ಅಪ್ಪಯ್ಯ ತಗೊಂಡ, ಇಪ್ಪತ್ತೈದು ವರ್ಷ ದಾಟಿದ ಸಣ್ಣ ಕಾರು. ಎಸಿ ಇಲ್ಲ, ಹೀಟರ್ ಮಾತ್ರ ಇದೆ. ಆ ದಿನ ಅಮ್ಮನನ್ನ ಕುಂದಾಪುರದ ಡಾಕ್ಟರ್ ಹತ್ರ ತೋರಿಸ್ಕೊಂಡು ಸಂಜೆ ಘಾಟಿ ಹತ್ತುತ್ತಿದ್ದೆ. ಜಡಿಮಳೆ. ಮುಂದಿನ ಗಾಜಿನ ಒಳಗಡೆ ಪೂರ್ತಿ ಹಬೆ ಕೂತಿತು. ಬ್ಲೋವರ್ ಫುಲ್ ಇಟ್ಟೆ. ಸದ್ದು ಜೋರಾಯ್ತು, ಗಾಳಿ ಮಾತ್ರ ಗಾಜಿಗೆ ಬರಲಿಲ್ಲ, ಕಾಲಿನ ಹತ್ರ ಹೋಯ್ತು. ಅಮ್ಮ ಸೆರಗಿನಲ್ಲಿ ಒರೆಸುತ್ತಾ "ರಸ್ತೆನೇ ಕಾಣ್ತಿಲ್ವಲ್ಲ ಮಾರಾಯಾ" ಅಂತಿದ್ರು. ತಿರುವಿನಲ್ಲಿ ಎದುರಿಗೆ ಬಂದ ಬಸ್ಸಿನ ಲೈಟ್ ಕಂಡಿದ್ದು ತೀರಾ ಹತ್ತಿರ ಬಂದ ಮೇಲೆ. ಕಾರನ್ನ ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ಸುಮ್ನೆ ಕೂತ್ಕೊಂಡೆ.

ಮರುದಿನ ಜಗಲಿ ಪಕ್ಕ ಕಾರು ನಿಲ್ಲಿಸಿ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಾಕಿ ನೋಡಿದೆ. ಗಾಜಿನ ಬುಡಕ್ಕೆ ಗಾಳಿ ಒಯ್ಯೋ ಪ್ಲಾಸ್ಟಿಕ್ ಕೊಳವೆಯ ಕ್ಲಿಪ್ ಮುರಿದಿತ್ತು. ಕೊಳವೆ ಕಳಚಿ ಕೆಳಗೆ ಬಿದ್ದಿತ್ತು. ಮೇಲಿನ ಗಾಳಿ ಜಾಲರಿಯೂ ಸೀಳಿತ್ತು. ಒಂದು ಬೆರಳು ಗಾತ್ರದ ಕ್ಲಿಪ್, ಅಷ್ಟೇ.

ಹೊಸದು ತಗೋಬಾರದಾ?

ಸಿಕ್ಕಿದ್ರೆ ಖಂಡಿತ ತಗೊಳ್ಳಿ. ಆದ್ರೆ ಮಲೆನಾಡಿನಲ್ಲಿ ಇನ್ನೂ ಓಡಾಡ್ತಿರೋ ಹಳೇ ಗಾಡಿಗಳನ್ನೇ ನೋಡಿ. 1983ರಲ್ಲಿ ಶುರುವಾದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. 1984ರಲ್ಲಿ ಬಂದ ಓಮ್ನಿ 2019ಕ್ಕೆ ಮುಗೀತು. ಅಂಬಾಸಡರ್ ಕೂಡ 2014ಕ್ಕೇ ಕೊನೆ. ಎಂಜಿನ್ ಭಾಗ, ಬ್ರೇಕ್ ಭಾಗ ಹೇಗೋ ಸಿಗುತ್ತೆ. ಒಳಗಿನ ಕ್ಲಿಪ್, ಕೊಳವೆ, ಜಾಲರಿ ಸಿಗೋದು ಕಷ್ಟ. ಗುಜರಿಯಲ್ಲಿ ಸಿಕ್ಕಿದ್ರೂ ಅದಕ್ಕೂ ಅಷ್ಟೇ ವಯಸ್ಸಾಗಿರುತ್ತೆ. ಹಾಗಾಗಿ ಇರೋದನ್ನೇ ಗಟ್ಟಿ ಮಾಡೋದು ಕಲೀಬೇಕು.

ಪ್ಲಾಸ್ಟಿಕ್ ಯಾಕೆ ಮುರಿಯುತ್ತೆ?

ಪ್ಲಾಸ್ಟಿಕ್ ಅಂದ್ರೆ ಉದ್ದುದ್ದ ಅಣುಸರಪಳಿಗಳ ರಾಶಿ. ಬಿಸಿಲಿನ ಅತಿನೇರಳೆ ಕಿರಣ, ಬಿಸಿ, ಗಾಳಿಯ ಆಮ್ಲಜನಕ ಮೂರೂ ಸೇರಿ ಆ ಸರಪಳಿಗಳನ್ನ ತುಂಡು ಮಾಡ್ತವೆ. ತಡೆಯೋಕೆ ಅಂತ ಕಾರ್ಖಾನೆಯಲ್ಲೇ ರಕ್ಷಕ ರಾಸಾಯನಿಕ ಬೆರೆಸಿರ್ತಾರೆ, ಆದ್ರೆ ವರ್ಷಗಳಲ್ಲಿ ಅದು ಖರ್ಚಾಗುತ್ತೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ದಾಟೋದೂ ಉಂಟು.

ಕಾರಿನೊಳಗೆ ಹೆಚ್ಚಾಗಿ ಸಿಗೋದು ಎಬಿಎಸ್, ಪಾಲಿಪ್ರೊಪಿಲೀನ್ ಅಂದ್ರೆ ಪಿಪಿ, ಮತ್ತು ಮೆತ್ತಗಿನ ಹೊದಿಕೆಗೆ ಪಿವಿಸಿ. ಎಬಿಎಸ್‌ನಲ್ಲಿ ಪೆಟ್ಟು ತಡೆಯೋ ರಬ್ಬರ್ ಅಂಶ ಒಂದಿದೆ, ಬ್ಯೂಟಾಡೈಯೀನ್ ಅಂತ. ಮೊದಲು ಹಾಳಾಗೋದು ಅದೇ. ಪಿವಿಸಿಯನ್ನ ಮೆತ್ತಗಿಡೋ ಎಣ್ಣೆಯಂಥ ವಸ್ತು ನಿಧಾನಕ್ಕೆ ಆವಿಯಾಗಿ ಹೋಗುತ್ತೆ. ಹೋಗಿ ಕೂರೋದೆಲ್ಲಿ? ಮುಂದಿನ ಗಾಜಿನ ಒಳಮೈ ಮೇಲೆ. ಗಾಜಿನ ಒಳಗಡೆ ಜಿಡ್ಡುಜಿಡ್ಡಾಗಿ ಕಾಣೋ ಪದರದಲ್ಲಿ ಅದರ ಪಾಲೂ ಇದೆ. ಮಳೆಗಾಲದಲ್ಲಿ ಆ ಜಿಡ್ಡಿನ ಮೇಲೆ ಹಬೆ ಕೂತರೆ ಎದುರಿನ ಲೈಟ್ ಇನ್ನೂ ಚದುರಿ ಕಾಣುತ್ತೆ.

ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ತುಂಡಾದ ಸರಪಳಿಯನ್ನ ಯಾವ ಪಾಲಿಶ್ ಕೂಡ ಮತ್ತೆ ಜೋಡಿಸಲ್ಲ. ತೆಂಗಿನೆಣ್ಣೆ ಸವರಿದ್ರೆ ಹೊಳೆಯುತ್ತೆ, ಗಟ್ಟಿ ಆಗಲ್ಲ. ಎಬಿಎಸ್‌ಗೆ ಎಣ್ಣೆ, ಕೊಬ್ಬು ಆಗಿಬರೋದೇ ಇಲ್ಲ, ಬಿರುಕು ಬೇಗ ಹೆಚ್ಚಬಹುದು. ನಾವು ಮಾಡಬಹುದಾದ್ದು ಇಷ್ಟು: ಹಿಂಬದಿಯಿಂದ ಆನಿಕೆ ಕೊಟ್ಟು ಭಾರ ಹಂಚೋದು.

ಮೊದಲು ಯಾವ ಪ್ಲಾಸ್ಟಿಕ್ ಅಂತ ನೋಡಿ

ನಾನು ಮಾಡಿದ ತಪ್ಪು ಇಲ್ಲೇ. ಅಪ್ಪಯ್ಯ "ಗಮ್ ಹಚ್ಚಿ ಬಿಡಾ, ಅದಕ್ಕೆಂತ ದೊಡ್ಡ ಕೆಲಸ" ಅಂದ್ರು. ಸೆಕೆಂಡಿನಲ್ಲಿ ಅಂಟೋ ಗಮ್ ತಂದು ಕೊಳವೆಯ ಕ್ಲಿಪ್‌ಗೆ ಹಚ್ಚಿದೆ. ಮೂರನೇ ದಿನ ಹೊಸನಗರಕ್ಕೆ ಹೋಗೋ ದಾರೀಲಿ, ಹೊಂಡಕ್ಕೆ ಒಂದು ಸಲ ಇಳಿಯೋದ್ರೊಳಗೆ, ಕಳಚಿ ಬಿತ್ತು. ತಪ್ಪು ಗಮ್ಮಿನದಲ್ಲ, ನನ್ನದು. ಕೊಳವೆ ಪಿಪಿ ಪ್ಲಾಸ್ಟಿಕ್ಕಿನದು. ಪಿಪಿಯ ಮೈ ಮೇಣದ ಥರ, ಕೆಸುವಿನ ಎಲೆ ಮೇಲೆ ನೀರು ಜಾರಿದ ಹಾಗೆ ಗಮ್ ಅದರ ಮೇಲೆ ಹರಡದೆ ಜಾರುತ್ತೆ.

ಹಾಗಾದ್ರೆ ಪತ್ತೆ ಹೇಗೆ? ಭಾಗವನ್ನ ಬಿಚ್ಚಿ ಹಿಂಬದಿ ನೋಡಿ. ಬಹಳಷ್ಟು ಭಾಗಗಳ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎಬಿಎಸ್ ಅಥವಾ ಪಿಪಿ ಅಂತ ಅಚ್ಚಾಗಿರುತ್ತೆ. ಪಿಪಿ ಪಕ್ಕ ಟಿ 20 ಅಂತಿದ್ರೆ ಅದರಲ್ಲಿ ಶೇಕಡಾ 20 ಟಾಲ್ಕ್ ಪುಡಿ ಬೆರೆತಿದೆ ಅಂತ ಅರ್ಥ.

ಗುರುತು ಇಲ್ಲದಿದ್ರೆ ಎರಡು ಪರೀಕ್ಷೆ. ಮುರಿದ ಚೂರನ್ನ ನೀರಿನ ಲೋಟಕ್ಕೆ ಹಾಕಿ. ಬರೀ ಪಿಪಿ ತೇಲುತ್ತೆ, ಎಬಿಎಸ್ ಮುಳುಗುತ್ತೆ. ಟಾಲ್ಕ್ ಬೆರೆತ ಪಿಪಿಯೂ ಮುಳುಗಬಹುದು, ಹಾಗಾಗಿ ಎರಡನೇ ಪರೀಕ್ಷೆ ಬೇಕು. ಕಾಣದ ಮೂಲೆಯಲ್ಲಿ ಹತ್ತಿಯಿಂದ ಒಂದು ಹನಿ ಅಸಿಟೋನ್ ತಾಗಿಸಿ. ಅಂಟಂಟಾದ್ರೆ ಎಬಿಎಸ್, ಏನೂ ಆಗದಿದ್ರೆ ಪಿಪಿ ಇರಬಹುದು. ಸುಟ್ಟು ನೋಡೋ ಪರೀಕ್ಷೆ ಮಾತ್ರ ಬೇಡ. ಪಿವಿಸಿ ಸುಟ್ಟರೆ ಬರೋ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಬಿಚ್ಚೋದಕ್ಕೂ ಒಂದು ಹದ ಇದೆ. ಮಳೆಗಾಲದ ಚಳಿ ಬೆಳಿಗ್ಗೆ ಕೈ ಹಾಕಬೇಡಿ, ತಣ್ಣಗಿರೋ ಹಳೇ ಪ್ಲಾಸ್ಟಿಕ್ ಚಟ್ ಅಂತ ಮುರಿಯುತ್ತೆ. ಮಧ್ಯಾಹ್ನ ಮಾಡಿ, ಅಥವಾ ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬೋ ಬದಲು ಬಟ್ಟೆ ಸುತ್ತಿದ ಬಿದಿರಿನ ಚಕ್ಕೆ ಸಾಕು. ಆಮೇಲೆ ಪಾತ್ರೆ ತೊಳೆಯೋ ಸೋಪಿನಲ್ಲಿ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ. ಡ್ಯಾಶ್‌ಬೋರ್ಡ್ ಪಾಲಿಶ್‌ನ ಸಿಲಿಕೋನ್ ಉಳಿದಿದ್ರೆ ಯಾವುದೂ ಅಂಟಲ್ಲ.

ಎಬಿಎಸ್ ಆದ್ರೆ

ನಮ್ಮ ಕಾರಿನ ಗಾಳಿ ಜಾಲರಿ ಎಬಿಎಸ್. ಮೊದಲ ಕೆಲಸ ಬಿರುಕನ್ನ ನಿಲ್ಲಿಸೋದು. ಅಡಿಕೆ ದಬ್ಬೆ ಸೀಳಿದವರಿಗೆ ಗೊತ್ತು, ಒಂದು ಸಲ ಬಾಯಿ ಬಿಟ್ಟ ಸೀಳು ಸಣ್ಣ ಒತ್ತಡಕ್ಕೇ ಮುಂದೆ ಓಡುತ್ತೆ. ಪ್ಲಾಸ್ಟಿಕ್ ಬಿರುಕೂ ಹಾಗೇ, ಎಲ್ಲ ಒತ್ತಡ ಅದರ ಚೂಪು ತುದಿಯಲ್ಲಿ ಸೇರುತ್ತೆ. ಆ ತುದಿಯಲ್ಲಿ 2 ಮಿಲಿಮೀಟರ್ ತೂತು ಕೊರೆದರೆ ಚೂಪು ಹೋಗಿ ದುಂಡಗಾಗುತ್ತೆ, ಒತ್ತಡ ಹಂಚಿಹೋಗುತ್ತೆ.

ಆಮೇಲೆ ಎಬಿಎಸ್ ಚೂರುಗಳನ್ನ ಮುಚ್ಚಳವಿರೋ ಗಾಜಿನ ಶೀಶೆಯಲ್ಲಿ ಅಸಿಟೋನ್ ಜೊತೆ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ದೋಸೆ ಹಿಟ್ಟಿನ ಹದಕ್ಕೆ ಬಂದಿರುತ್ತೆ. ಅದನ್ನ ಹಿಂಬದಿಯಿಂದ ಬಿರುಕಿನೊಳಗೆ ತೆಳ್ಳಗೆ ಸವರಿ, ಒಣಗಿದ ಮೇಲೆ ಇನ್ನೊಂದು ಪದರ. ಇದು ಅಂಟಲ್ಲ, ಬೆಸುಗೆ. ಪ್ಲಾಸ್ಟಿಕ್ ಕರಗಿ ಒಂದಾಗುತ್ತೆ. ಭಾಗವನ್ನ ಬಗ್ಗಿಸಿ ಹಿಡಿದಿರುವಾಗ ಅಸಿಟೋನ್ ಹಚ್ಚಬೇಡಿ, ಹೊಸ ಬಿರುಕು ಬರುತ್ತೆ. ಎರಡು ದಿನ ಒಣಗಲು ಬಿಡಿ. ಮತ್ತೆ, ಅಸಿಟೋನ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತೆ. ಬಚ್ಚಲೊಲೆ, ಗ್ಯಾಸ್, ಬೀಡಿ ಯಾವುದೂ ಹತ್ರ ಇರಬಾರದು.

ಇನ್ನೂ ಬಲ ಬೇಕಂದ್ರೆ ಹಿಂಬದಿಗೆ ಸ್ಯಾಂಡ್ ಪೇಪರ್ ಉಜ್ಜಿ, ಎರಡು ಟ್ಯೂಬಿನ ಎಪಾಕ್ಸಿ ಕಲಸಿ, ಅದರಲ್ಲಿ ಫೈಬರ್‌ಗ್ಲಾಸ್ ಬಟ್ಟೆಯ ಪಟ್ಟಿ ಕೂರಿಸಿ. ಐದು ನಿಮಿಷದಲ್ಲಿ ಗಟ್ಟಿಯಾಗೋದಕ್ಕಿಂತ ರಾತ್ರಿಯಿಡೀ ಗಟ್ಟಿಯಾಗೋ ಎಪಾಕ್ಸಿ ಸಾಮಾನ್ಯವಾಗಿ ಹೆಚ್ಚು ಬಲ, ಬಿಸಿಲನ್ನೂ ಹೆಚ್ಚು ತಡೆಯುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಅದು ಗಟ್ಟಿಯಾಗೋಕೆ ಇನ್ನೂ ತಡ, ಒಂದು ದಿನ ಹೆಚ್ಚೇ ಕೊಡಿ.

ಪಿಪಿ ಆದ್ರೆ

ಇಲ್ಲಿ ಗಮ್ ಮರೆತುಬಿಡಿ. ಬೇಕಾಗಿರೋದು ಬಿಸಿ. ಪಿಪಿ ಸುಮಾರು 160 ಡಿಗ್ರಿಗೆ ಕರಗುತ್ತೆ, ರೇಡಿಯೋ ರಿಪೇರಿಯ ಸೋಲ್ಡರಿಂಗ್ ಐರನ್ ಅದಕ್ಕಿಂತ ತುಂಬಾ ಬಿಸಿ. ಹಾಗಾಗಿ ಒಂದೇ ಕಡೆ ಒತ್ತಿ ಹಿಡೀಬಾರದು, ತೂತು ಬೀಳುತ್ತೆ.

ಸ್ಟೀಲ್ ತಂತಿಯನ್ನ ಸ್ಟೇಪ್ಲರ್ ಪಿನ್ನಿನ ಥರ ಬಗ್ಗಿಸಿ, ಬಿರುಕಿಗೆ ಅಡ್ಡಲಾಗಿ ಹಿಂಬದಿಯಲ್ಲಿಟ್ಟು, ಐರನ್ ತುದಿಯಿಂದ ಬಿಸಿ ಮಾಡಿ ಅರ್ಧ ದಪ್ಪದವರೆಗೆ ಇಳಿಸಿ. ಅದರ ಮೇಲೆ ಸಣ್ಣ ಸ್ಟೀಲ್ ಜಾಲರಿ ಚೂರು ಇಟ್ಟು ಅದನ್ನೂ ಮುಳುಗಿಸಿ. ಕೊನೆಗೆ ಪಿಪಿ ಚೂರು ಕರಗಿಸಿ ಮುಚ್ಚಿ. ಚೂರು ಎಲ್ಲಿಂದ ಅಂತೀರಾ? ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರೋ ಹಳೇ ಡಬ್ಬಿ ಪಿಪಿಯದ್ದೇ. ಸಿಮೆಂಟ್ ಒಳಗೆ ಕಬ್ಬಿಣದ ಸರಳು ಕೂತ ಹಾಗೆ ಆಗುತ್ತೆ. ಈ ಕೆಲಸ ಹೊರಗೆ ಜಗಲಿಯಲ್ಲೇ ಮಾಡಿ, ಹೊಗೆ ಮುಖಕ್ಕೆ ಬರಬಾರದು.

ನಾನು ಕ್ಲಿಪ್‌ಗೆ ಎರಡು ಪಿನ್, ಬುಡಕ್ಕೆ ಜಾಲರಿ ಹಾಕಿದೆ. ಮೊದಲು ಒಂದು ಡಬ್ಬಿ ಮುಚ್ಚಳದ ಮೇಲೆ ಅಭ್ಯಾಸ ಮಾಡಿದ್ದರಿಂದ ನಿಜವಾದ ಕೆಲಸ ಅರ್ಧ ಗಂಟೆಯಲ್ಲಿ ಮುಗೀತು.

ಸ್ಕ್ರೂ ಕೂರೋ ಜಾಗ

ಹೆಚ್ಚು ಒಡೆಯೋದು ಸ್ಕ್ರೂ ಹೋಗೋ ಟೊಳ್ಳು ಕಂಬ. ಅದು ಎಬಿಎಸ್ ಆಗಿದ್ರೆ ಹೊರಗಡೆ ಎಪಾಕ್ಸಿ ಹಚ್ಚಿ ಹತ್ತಿ ದಾರವನ್ನ ಬಿಗಿಯಾಗಿ ಹತ್ತಿಪ್ಪತ್ತು ಸುತ್ತು ಸುತ್ತಿ, ಚಕ್ರಕ್ಕೆ ಪಟ್ಟಿ ಬಿಗಿದ ಹಾಗೆ. ಸೆಕೆಂಡ್ ಗಮ್ ಜೊತೆ ಅಡುಗೆ ಸೋಡಾ ಉದುರಿಸೋ ಉಪಾಯ ನೀವೂ ರೀಲ್ಸ್‌ನಲ್ಲಿ ನೋಡಿರ್ತೀರಿ. ಎಬಿಎಸ್‌ನಲ್ಲಿ ಅದು ಕೆಲಸ ಮಾಡುತ್ತೆ, ಕಲ್ಲಿನಂತಾಗುತ್ತೆ. ಆದ್ರೆ ಕಲ್ಲು ಬಗ್ಗಲ್ಲ. ಅಲುಗಾಡದ ಜಾಗ ತುಂಬೋಕೆ ಸರಿ, ಒತ್ತಿ ಬಗ್ಗಿಸೋ ಕ್ಲಿಪ್‌ಗೆ ಬೇಡ. ಮರುಜೋಡಣೆಯಲ್ಲಿ ಸ್ಕ್ರೂ ಕೈ ತಿರುವಿನಷ್ಟೇ ಬಿಗಿ ಸಾಕು.

ಇವನ್ನ ಮುಟ್ಟಲೇಬೇಡಿ

ಏರ್‌ಬ್ಯಾಗ್ ಮುಚ್ಚಳಕ್ಕೆ ಗಮ್, ಬಟ್ಟೆ, ಬೆಸುಗೆ ಯಾವುದೂ ಬೇಡ. ಅದು ಸರಿಯಾದ ಗೆರೆಯಲ್ಲಿ ಹರಿದು ತೆರೀಲಿ ಅಂತಲೇ ಮಾಡಿರೋ ಪ್ಲಾಸ್ಟಿಕ್. ನೀವು ಗಟ್ಟಿ ಮಾಡಿದ್ರೆ ಅಪಘಾತದಲ್ಲಿ ಚೂರುಗಳು ಮುಖಕ್ಕೇ ಬರಬಹುದು. ನಮ್ಮ ಹಳೇ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಆದ್ರೆ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಅದಕ್ಕೂ ಮೊದಲಿನ ಕೆಲವು ಕಾರುಗಳಲ್ಲೂ ಇದೆ. ಸೀಟ್ ಬೆಲ್ಟ್ ಬಕಲ್, ಪೆಡಲ್ ಭಾಗಗಳೂ ಅಷ್ಟೇ. ಅಲ್ಲಿ ಹೊಸ ಭಾಗ ಅಥವಾ ಮೆಕ್ಯಾನಿಕ್, ಮೂರನೇ ದಾರಿ ಇಲ್ಲ.

ಉಳಿದಿದ್ದನ್ನ ಕಾಪಾಡೋಕೆ ಕಾರನ್ನ ನೆರಳಲ್ಲಿ ನಿಲ್ಲಿಸಿ, ಬಿಸಿಲಲ್ಲಾದ್ರೆ ಗಾಜಿಗೆ ಪರದೆ ಹಾಕಿ. ಗಾಜಿನ ಒಳಮೈಯನ್ನ ಆಗಾಗ ಸೋಪು ನೀರಲ್ಲಿ ಒರೆಸಿ. ಮಳೆಯಲ್ಲಿ ಹೊರಗಾಳಿ ಬರೋ ಹಾಗಿಟ್ಟು ಹೀಟರ್ ಹಾಕಿ. ಒಳಗಿನ ಗಾಳಿಯೇ ಸುತ್ತಿದ್ರೆ ನಮ್ಮ ಉಸಿರಿನ ತೇವವೇ ಗಾಜಿಗೆ ಬಂದು ಕೂರುತ್ತೆ.

ಈ ಜೂನ್‌ನಲ್ಲಿ ಅಮ್ಮನನ್ನ ಮತ್ತೆ ಅದೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ಅದೇ ಘಾಟಿ, ಅಂಥದ್ದೇ ಮಳೆ. ಗಾಜಿಗೆ ಹಬೆ ಕೂತಿತು, ಬ್ಲೋವರ್ ಹಾಕಿದೆ, ಬುಡದಿಂದ ಮೇಲಕ್ಕೆ ನಿಧಾನವಾಗಿ ರಸ್ತೆ ಕಾಣ್ತಾ ಬಂತು. ಅಮ್ಮ ಸೆರಗು ತೆಗೀಲಿಲ್ಲ, ನಿದ್ದೆ ಮಾಡ್ತಿದ್ರು.

ನಿಮ್ಮ ಮನೆಯಲ್ಲೂ ಹಳೇ ಕಾರಿದ್ರೆ ಮಳೆ ಹಿಡಿಯೋ ಮೊದಲು ಬ್ಲೋವರ್ ಹಾಕಿ, ಗಾಜಿನ ಬುಡದಲ್ಲಿ ಕೈ ಇಟ್ಟು ನೋಡಿ. ಗಾಳಿ ಬರದಿದ್ರೆ ಎಲ್ಲಿ ಹುಡುಕಬೇಕು ಅಂತ ಈಗ ಗೊತ್ತಾಯ್ತಲ್ಲ.